ಬೇಸಿಗೆಯ ಚಿತ್ರಕಟ್ಟು ಈ ಸಲ ತಡವಾಗುತ್ತದೆ, ಸ್ವಲ್ಪ ಬದಲಾಗಿಯೂ ಬರುತ್ತದೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲು ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಪ್ರತಿವರ್ಷ ಏಪ್ರಿಲ್ ಮುಗಿಯುವುದರೊಳಗೆ ನಿಮ್ಮ ಕೈಸೇರುತ್ತಿದ್ದ, ಡೆನ್ಮಾರ್ಕಿನ ಸ್ಕಾಗೆನ್ ಊರಿನಲ್ಲಿ ಕೂಡುತ್ತಿದ್ದ ಚಿತ್ರಕಾರರ ಚಿತ್ರಗಳ ಕಟ್ಟು ಈ ವರ್ಷ ಜೂನ್ ಮೂರನೇ ವಾರ ಬರುತ್ತದೆ. ಎಂಟು ಚಿತ್ರಗಳಲ್ಲಿ ನಾಲ್ಕನ್ನು ತೆಗೆದು ಬೇರೆ ನಾಲ್ಕನ್ನು ಸೇರಿಸಿದ್ದೇವೆ. ಹೊಳಪಿನ ಆರ್ಟ್ ಪೇಪರ್ ಬಿಟ್ಟು, ಹೊಳಪಿಲ್ಲದ ದಪ್ಪ ಕಾಗದದಲ್ಲಿ ಅಚ್ಚು ಹಾಕಿಸುತ್ತಿದ್ದೇವೆ. ಬೆಲೆ ಹಿಂದಿನದ್ದೇ. ಹಣ ಕಟ್ಟಿದವರು ಮತ್ತೆ ಏನೂ ಕೊಡಬೇಕಾಗಿಲ್ಲ.

ಇದರಲ್ಲಿ ಒಂದು ಬದಲಾವಣೆಗೆ ಕಾರಣ ನಮ್ಮದೇ ತಪ್ಪು. ಅದನ್ನು ಮುಚ್ಚಿಟ್ಟು ಹೊಸ ಕಟ್ಟು ಕಳಿಸುವುದು ನಮಗೆ ಸರಿ ಕಾಣಲಿಲ್ಲ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಕಳೆದ ವರ್ಷ ಕಟ್ಟು ತಲುಪಿದ ಮೇಲೆ ನಮ್ಮ ಗ್ರಾಹಕರೊಬ್ಬರು, ನಿವೃತ್ತ ಚಿತ್ರಕಲಾ ಮೇಷ್ಟ್ರು, ಒಂದು ಕಾರ್ಡ್ ಬರೆದರು. ಆ ಗುಂಪಿನ ಚಿತ್ರಕಾರ ಕ್ರೊಯರ್ ಅವರ ಪ್ರಸಿದ್ಧ ತೋಟದ ಚಿತ್ರ ನಿಮಗೆಲ್ಲ ಗೊತ್ತು. ಮರಗಳ ನೆರಳು, ಬಿಳಿ ಹಾಸು ಹೊದಿಸಿದ ಮೇಜು, ಎದ್ದು ನಿಂತು ಗ್ಲಾಸು ಮೇಲೆತ್ತಿರುವ ಗೆಳೆಯರು, ಎಲೆಗಳ ಸಂದಿಯಿಂದ ಬಟ್ಟೆಯ ಮೇಲೆ ಬಿದ್ದ ಬಿಸಿಲ ಚುಕ್ಕೆಗಳು. ಅದರ ಮುಂಭಾಗದಲ್ಲಿ ಬಿಳಿ ಉಡುಪಿನ ಹೆಂಗಸೊಬ್ಬರು ಕೂತಿದ್ದಾರೆ, ಪುಟ್ಟ ಹುಡುಗಿಯೊಬ್ಬಳು ಅವರಿಗೆ ಒರಗಿಕೊಂಡಿದ್ದಾಳೆ. ಚಿತ್ರದ ಜೊತೆ ನಾವಿಟ್ಟ ವಿವರಣೆಯ ಚೀಟಿಯಲ್ಲಿ ಆ ಹೆಂಗಸಿನ ಬಗ್ಗೆ "ಆಂಕರ್ ಅವರ ಪತ್ನಿ ಮತ್ತು ಮಗಳು" ಎಂದಷ್ಟೇ ಬರೆದಿದ್ದೆವು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಆಕೆಯೂ ಚಿತ್ರ ಬರೆಯುತ್ತಿದ್ದರಲ್ಲವೇ?"

ಹೌದು, ಬರೆಯುತ್ತಿದ್ದರು. ಅಷ್ಟೇ ಅಲ್ಲ, ಆ ಗುಂಪಿನ ಹೆಸರಾಂತ ಚಿತ್ರಕಾರರ ಪೈಕಿ ಸ್ಕಾಗೆನ್ ಊರಿನಲ್ಲೇ ಹುಟ್ಟಿದವರು ಅವರೊಬ್ಬರೇ. ಆನಾ ಆಂಕರ್ ಹೆಸರು ನಮಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ಸತತವಾಗಿ ಅದೇ ಸಾಲು ಅಚ್ಚು ಹಾಕಿಸಿದ್ದೇವೆ. ಎಂಟು ಚಿತ್ರಗಳಲ್ಲಿ ಆರು ಕ್ರೊಯರ್ ಅವರದು, ಎರಡು ಆನಾ ಅವರ ಗಂಡ ಮಿಕಾಯೆಲ್ ಆಂಕರ್ ಅವರದು. ಆನಾ ಬೇರೆಯವರ ಚಿತ್ರದೊಳಗೆ ಇದ್ದರು, ಅವರು ಬರೆದದ್ದು ಒಂದೂ ಇರಲಿಲ್ಲ. ಆ ಕಾರ್ಡನ್ನು ಸಭೆಯಲ್ಲಿ ಓದಿದಾಗ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೊಸದಾಗಿ ಸೇರಿದ ಗ್ರಾಹಕರಿಗಾಗಿ ಊರಿನ ಕತೆ ಒಂದಿಷ್ಟು ಹೇಳಬೇಕು. ಡೆನ್ಮಾರ್ಕಿನ ಜಟ್‌ಲ್ಯಾಂಡ್ ನೆಲ ಉತ್ತರಕ್ಕೆ ಚೂಪಾಗುತ್ತಾ ಹೋಗಿ ಮುಗಿಯುವ ತುದಿಯಲ್ಲಿದೆ ಸ್ಕಾಗೆನ್. ಅಲ್ಲಿ ಎರಡು ಕಡಲು ಕೂಡುತ್ತವೆ, ಒಂದು ಪಕ್ಕ ಸ್ಕಾಗೆರಾಕ್, ಇನ್ನೊಂದು ಪಕ್ಕ ಕಾಟೆಗಾಟ್. ಸುತ್ತ ಮರಳು. ಹಳೆಯ ಚರ್ಚೊಂದನ್ನು ಮರಳು ನುಂಗುತ್ತಾ ಬಂದು, 1795ರಲ್ಲಿ ಅದನ್ನು ಮುಚ್ಚಿಯೇಬಿಟ್ಟರು. ಗೋಪುರ ಮಾತ್ರ ಇಂದಿಗೂ ದಿಬ್ಬದ ಮೇಲೆ ನಿಂತಿದೆ. ಮೀನುಗಾರರ ಊರು. 1870ರ ದಶಕದಿಂದ ಬೇಸಿಗೆ ಬಂತೆಂದರೆ ಚಿತ್ರಕಾರರು ಅಲ್ಲಿಗೆ ಹೊರಡತೊಡಗಿದರು. ಮಿಕಾಯೆಲ್ ಆಂಕರ್ ಬಂದದ್ದು 1874ರಲ್ಲಿ, ಪೆಡರ್ ಸೆವೆರಿನ್ ಕ್ರೊಯರ್ ಬಂದದ್ದು 1882ರಲ್ಲಿ. ನಾರ್ವೆಯಿಂದ ಕ್ರಿಸ್ಟಿಯಾನ್ ಕ್ರೋಗ್, ಸ್ವೀಡನ್ನಿನಿಂದ ಆಸ್ಕರ್ ಬ್ಯೋರ್ಕ್, ಡ್ಯಾನಿಶ್ ಕವಿ ಹೋಲ್ಗರ್ ಡ್ರಾಕ್‌ಮನ್ ಎಲ್ಲರೂ ಬಂದರು. ರೈಲು ಆ ಊರು ಮುಟ್ಟಿದ್ದು 1890ರಲ್ಲಿ. ಅದಕ್ಕೂ ಮೊದಲು ಇಷ್ಟು ಜನ ಆ ಮರಳಿನಲ್ಲಿ ದಾರಿ ಮಾಡಿಕೊಂಡು ಬಂದರೆಂದರೆ ಅಲ್ಲಿನ ಬೆಳಕಿನ ಸೆಳೆತ ಎಂಥದ್ದಿರಬೇಕು, ನೀವೇ ಯೋಚಿಸಿ. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಹದಿನೇಳು ಗಂಟೆಗೂ ಹೆಚ್ಚು. ಸೂರ್ಯ ಮುಳುಗಿದ ಮೇಲೂ ರಾತ್ರಿಯಿಡೀ ಪೂರ್ತಿ ಕತ್ತಲಾಗುವುದಿಲ್ಲ.

ಬಂದವರೆಲ್ಲ ಇಳಿದುಕೊಳ್ಳುತ್ತಿದ್ದುದು, ಉಣ್ಣುತ್ತಿದ್ದುದು ಬ್ರೋಂಡಮ್ ಕುಟುಂಬದ ವಸತಿಗೃಹದಲ್ಲಿ. ಊಟದ ಮನೆಯ ಗೋಡೆಗಳ ತುಂಬ ಅವರು ಒಬ್ಬರನ್ನೊಬ್ಬರು ಬರೆದ ಭಾವಚಿತ್ರಗಳನ್ನು ಕೂರಿಸಿದರು. ಆ ಇಡೀ ಊಟದ ಮನೆಯನ್ನು, ಗೋಡೆಯ ಹಲಗೆ, ಚಿತ್ರ ಎಲ್ಲ ಸಮೇತ, 1946ರಲ್ಲಿ ಪಕ್ಕದ ಸ್ಕಾಗೆನ್ ಮ್ಯೂಸಿಯಮ್ಮಿಗೆ ಸಾಗಿಸಿ ಹಾಗೆಯೇ ಜೋಡಿಸಿಟ್ಟಿದ್ದಾರೆ. ಆ ಮ್ಯೂಸಿಯಂ ಶುರುವಾದದ್ದೂ ಅದೇ ಊಟದ ಮನೆಯಲ್ಲಿ, 1908ರಲ್ಲಿ.

ಆನಾ ಈ ಬ್ರೋಂಡಮ್ ಮನೆಯ ಮಗಳು. 1859ರಲ್ಲಿ ಅಲ್ಲಿಯೇ ಹುಟ್ಟಿದರು. ಅಂದರೆ ಕಲಾವಿದರ ಬೇಸಿಗೆಯ ಒಡನಾಟವೆಂದು ನಾವು ಮೂರು ವರ್ಷದಿಂದ ನಿಮಗೆ ಕಳಿಸುತ್ತಿರುವುದೆಲ್ಲ ನಡೆದದ್ದು ಅವರ ತವರಿನ ಜಗಲಿಯಲ್ಲಿ, ಅವರ ತಾಯಿ ನಡೆಸುತ್ತಿದ್ದ ಊಟದ ಮನೆಯಲ್ಲಿ, 1884ರಲ್ಲಿ ಅವರೂ ಗಂಡನೂ ಕೊಂಡ ಮನೆಯ ತೋಟದಲ್ಲಿ. ಗ್ಲಾಸು ಎತ್ತಿದ ಆ ಚಿತ್ರದ ತೋಟ ಅವರದೇ. ಅಲ್ಲಿ ನಡೆದ ಕೂಟವೊಂದರ ಫೋಟೋ ನೋಡಿ ಕ್ರೊಯರ್‌ಗೆ ಆ ಚಿತ್ರ ಹೊಳೆಯಿತು. 1884ರಲ್ಲಿ ಹಿಡಿದು 1888ರಲ್ಲಿ ಮುಗಿಸಿದರು. ಈಗ ಅದು ಸ್ವೀಡನ್ನಿನ ಗೋಥೆನ್‌ಬರ್ಗ್ ಮ್ಯೂಸಿಯಮ್ಮಿನಲ್ಲಿದೆ.

ಆನಾ ಕಲಿಯಬೇಕೆಂದಾಗ ಕೋಪನ್‌ಹೇಗನ್ನಿನ ಕಲಾ ಅಕಾಡೆಮಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1888ರಲ್ಲಿ. ಅವರು ಚಿತ್ರಕಾರ ವಿಲ್ಹೆಲ್ಮ್ ಕೂನ್ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತರು. 1880ರಲ್ಲಿ ಮಿಕಾಯೆಲ್ ಆಂಕರ್ ಜೊತೆ ಮದುವೆಯಾಯಿತು. ಇನ್ನು ಬಣ್ಣದ ಪೆಟ್ಟಿಗೆಯನ್ನು ಕಡಲಿಗೆ ಎಸೆದುಬಿಡು ಎಂದು ಆ ಗುರುಗಳು ಹೇಳಿದರೆಂಬ ಕತೆ ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಎಸೆಯಲಿಲ್ಲ. 1883ರಲ್ಲಿ ಮಗಳು ಹೆಲ್ಗಾ ಹುಟ್ಟಿದಳು, ತೋಟದ ಚಿತ್ರದಲ್ಲಿ ಅಮ್ಮನಿಗೆ ಒರಗಿದವಳು ಅವಳೇ. ಆಮೇಲೂ ಆನಾ ಬರೆಯುತ್ತಲೇ ಹೋದರು, 1935ರಲ್ಲಿ ತೀರಿಕೊಳ್ಳುವವರೆಗೆ ಅದೇ ಊರಿನಲ್ಲಿದ್ದರು.

ಬೇಸಿಗೆ ಮುಗಿದು ಹೆಚ್ಚಿನವರು ಗಂಟುಮೂಟೆ ಕಟ್ಟಿ ಪಟ್ಟಣಕ್ಕೆ ಮರಳಿದ ಮೇಲೆ ಆ ಊರು ಹೇಗಿರುತ್ತಿತ್ತು? ಅದು ಆನಾ ಚಿತ್ರಗಳಲ್ಲಿದೆ. ನಾವು ಸೇರಿಸಿರುವ ನಾಲ್ಕರಲ್ಲಿ ಮೊದಲನೆಯದು 1880ರ ದಶಕದ ಅಡುಗೆಮನೆಯ ಚಿತ್ರ. ಕೆಂಪು ಲಂಗದ ಕೆಲಸದ ಹುಡುಗಿ ನಮಗೆ ಬೆನ್ನು ಹಾಕಿ ಕಿಟಕಿಯ ಬಳಿ ಏನೋ ಮಾಡುತ್ತಿದ್ದಾಳೆ, ಪರದೆಯೊಳಗಿಂದ ಹಳದಿ ಬೆಳಕು ಸೋಸಿಕೊಂಡು ಬರುತ್ತಿದೆ. ತೋಟದ ಚಿತ್ರದ ಪಕ್ಕದಲ್ಲಿ ಇದನ್ನಿಟ್ಟು ನೋಡಿ ಎಂದು ನಮ್ಮ ಮನವಿ. ಎರಡೂ ಒಂದೇ ಕಾಲದವು. ಅಲ್ಲಿ ಊಟ ಮುಗಿದಿದೆ, ಇಲ್ಲಿ ಕೈ ಇನ್ನೂ ಆಡುತ್ತಿದೆ.

ಎರಡನೆಯದು 1891ರ ನೀಲಿ ಕೋಣೆ, ನಮ್ಮಲ್ಲಿ ಹಲವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅಜ್ಜಿಯ ಕೋಣೆಯಲ್ಲಿ ಹೆಲ್ಗಾ ಕೂತು ಕ್ರೋಶಾ ಹಾಕುತ್ತಿದ್ದಾಳೆ. ನೀಲಿ ಗೋಡೆಯ ಮೇಲೆ ಕಿಟಕಿಯ ಬಿಸಿಲು ಬಿದ್ದಿದೆ, ಕಿಟಕಿಯ ಅಡ್ಡಪಟ್ಟಿಯ ನೆರಳೂ ಬಿದ್ದಿದೆ. ಅಷ್ಟೇ. ನಮ್ಮಲ್ಲಿ ಪ್ಯಾಕಿಂಗ್ ಮಾಡುವ ಅಕ್ಕ ಈ ಚಿತ್ರದ ಪ್ರೂಫನ್ನು ಕೈಯಲ್ಲಿ ಹಿಡಿದು, ಆ ಬಿಸಿಲ ಚೌಕದ ಮೇಲೆ ಅಂಗೈ ಇಟ್ಟು ನೋಡಿದರು, ಬೆಚ್ಚಗಿದೆಯೇನೋ ಎನ್ನುವ ಹಾಗೆ.

ಉಳಿದೆರಡು, 1905ರ ಕೊಯ್ಲಿನವರು ಮತ್ತು 1913ರ ನಂತರ ಬರೆದ, ಸಂಜೆ ಬಿಸಿಲು ಬಿದ್ದ ಖಾಲಿ ಚಿತ್ರಶಾಲೆ. ಅವನ್ನು ನೀವೇ ನೋಡಿದರೆ ಚೆನ್ನ.

ನಾಲ್ಕು ಬಂದವು ಎಂದರೆ ನಾಲ್ಕು ಹೋಗಬೇಕಿತ್ತು. ಕ್ರೊಯರ್ ಅವರ 1883ರ ಊಟದ ಮೇಜು, 1893ರ ಗುಲಾಬಿ ಗಿಡ, ಹೆಂಡತಿಯೊಂದಿಗೆ ದಡದಲ್ಲಿ ನಡೆಯುವ 1899ರ ಚಿತ್ರ, ಜೊತೆಗೆ ಮಿಕಾಯೆಲ್ ಆಂಕರ್ ಬರೆದ, ಬಿಳಿ ಉಡುಪಿನ ಹೆಂಗಸರು ಕಡಲಂಚಿನಲ್ಲಿ ಅಡ್ಡಾಡುವ 1896ರ ಚಿತ್ರ, ಇವು ಹೋಗಿವೆ. ಗುಲಾಬಿ ಹೋದದ್ದಕ್ಕೆ ಬೇಸರ ಮಾಡಿಕೊಳ್ಳುವವರಿದ್ದೀರಿ, ನಮಗೂ ಇದೆ. ಬೇಕೆಂದವರಿಗೆ ಹಳೆಯ ಅಚ್ಚಿನ ಬಿಡಿ ಪ್ರತಿ ಮುಗಿಯುವವರೆಗೆ ಕೊಡುತ್ತೇವೆ.

ಮಿಕಾಯೆಲ್ ಅವರ ಮೀನುಗಾರರ ಚಿತ್ರವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಲಿಲ್ಲ. ಎಣ್ಣೆಬಟ್ಟೆ ತೊಟ್ಟ ಗಂಡಸರು ದಡದಲ್ಲಿ ಒತ್ತಾಗಿ ನಿಂತು ಸಮುದ್ರದ ಕಡೆ ನೋಡುತ್ತಿದ್ದಾರೆ. ದೋಣಿ ನಮಗೆ ಕಾಣುವುದಿಲ್ಲ, ಅವರ ಮುಖಗಳಷ್ಟೇ ಕಾಣುತ್ತವೆ. ಪಟ್ಟಣದಿಂದ ಬಂದವರಿಗೆ ಸಂಜೆಯ ನಡಿಗೆಯಾಗಿದ್ದ ಕಡಲು ಊರಿನವರಿಗೆ ಏನಾಗಿತ್ತೆಂಬುದು ಆ ಮುಖಗಳಲ್ಲಿದೆ.

ಈಗ ಕಾಗದ ಮತ್ತು ತಡದ ವಿಚಾರ. ಕ್ರೊಯರ್ ಅವರ 1893ರ ಸಂಜೆಯ ಚಿತ್ರ ನಮ್ಮ ಕಟ್ಟಿನ ಮೇಲುಹೊದಿಕೆ. ಹಿಂದಿನ ಬೇಸಿಗೆ ಒಂದು ಊಟ ಮುಗಿಸಿ ಎಲ್ಲರೂ ದಡಕ್ಕೆ ನಡೆದು ಹೋದಾಗ ಅವರಿಗೆ ಆ ನೋಟ ಸಿಕ್ಕಿತಂತೆ. ಆನಾ ಮತ್ತು ಕ್ರೊಯರ್ ಅವರ ಹೆಂಡತಿ ಮೇರಿ ತೋಳು ಹಿಡಿದುಕೊಂಡು ನಮ್ಮಿಂದ ದೂರ ನಡೆಯುತ್ತಿದ್ದಾರೆ. ಮರಳು, ನೀರು, ಆಕಾಶ ಮೂರೂ ಒಂದೇ ನೀಲಿಗೆ ತಿರುಗುವ ಹೊತ್ತು. ಚಿತ್ರದ ಜೀವ ಇರುವುದೇ ಆ ನೀಲಿಯಲ್ಲಿ. ನಮ್ಮ ಅಚ್ಚಿನಲ್ಲಿ ಅದು ನೇರಳೆಯಾಗಿತ್ತು. ನಾಲ್ಕು ಬಣ್ಣದ ಮುದ್ರಣದಲ್ಲಿ ನೀಲಿ ಬರುವುದು ಸಯಾನ್ ಎಂಬ ತಿಳಿನೀಲಿ ಶಾಯಿ ಮತ್ತು ಮಜೆಂಟಾ ಎಂಬ ಕಡುಗುಲಾಬಿ ಶಾಯಿ ಸೇರಿ. ಮಜೆಂಟಾ ಒಂದು ಕೂದಲು ಹೆಚ್ಚಾದರೂ ನೀಲಿ ನೇರಳೆಯ ಕಡೆ ವಾಲುತ್ತದೆ. ಪ್ರೂಫ್ ನೋಡಿದ್ದು ರಾತ್ರಿ, ಟ್ಯೂಬ್‌ಲೈಟಿನಲ್ಲಿ. ಅಲ್ಲಿ ಸರಿಯಾಗಿಯೇ ಕಂಡಿತು. ಬೆಳಿಗ್ಗೆ ಅಂಗಳಕ್ಕೆ ತಂದು ನೋಡಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಮೇಲಿಂದ ಹೊಳಪಿನ ಕಾಗದ ಬೇರೆ, ಗೋಡೆಗೆ ಹಾಕಿದರೆ ಸಂಜೆಯ ಕಡಲಿನ ಬದಲು ಎದುರಿನ ಕಿಟಕಿಯೇ ಕಾಣುತ್ತಿತ್ತು.

ಈ ಸಲ ಪ್ರತಿ ಚಿತ್ರದ ಪ್ರೂಫನ್ನೂ ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡುತ್ತಿದ್ದೇವೆ. ನೀಲಿಯದು ನಾಲ್ಕು ಸಲ ವಾಪಸ್ ಹೋಗಿದೆ. ಹೊಳಪಿಲ್ಲದ ಕಾಗದ ಶಾಯಿಯನ್ನು ಒಳಗೆ ಹೀರಿಕೊಳ್ಳುತ್ತದೆ, ಹಾಗಾಗಿ ಬಣ್ಣ ಮಂಕಾಗದಂತೆ ಪ್ಲೇಟುಗಳನ್ನೇ ಹೊಸದಾಗಿ ಮಾಡಿಸಬೇಕಾಯಿತು. ಒಣಗುವುದಕ್ಕೂ ಹೆಚ್ಚು ಸಮಯ ಬೇಕು. ಅವಸರದಲ್ಲಿ ಒಂದರ ಮೇಲೊಂದು ಪೇರಿಸಿದರೆ ಹಿಂಬದಿಗೆ ಕಲೆ ಹತ್ತುತ್ತದೆ. ತಡವಾಗುವುದು ಇಷ್ಟಕ್ಕೇ.

ಜೂನ್ ಎಂದು ಗೊತ್ತಾದ ಮೇಲೆ ನಮ್ಮಲ್ಲೇ ಒಬ್ಬರು ಇನ್ನೊಂದನ್ನು ನೆನಪಿಸಿದರು. ಜೂನ್ 23ರ ರಾತ್ರಿ ಡೆನ್ಮಾರ್ಕಿನಲ್ಲಿ ಸಂತ ಹಾನ್ಸ್ ಹಬ್ಬದ ಮುನ್ನಾದಿನ, ಕಡಲ ದಡಗಳಲ್ಲಿ ಬೆಂಕಿ ಹಾಕುತ್ತಾರೆ. ಕ್ರೊಯರ್ ಅದನ್ನು 1906ರಲ್ಲಿ ದೊಡ್ಡದಾಗಿ ಬರೆದರು, ನಮ್ಮ ಕಟ್ಟಿನ ಕೊನೆಯ ಚಿತ್ರ ಅದೇ. ಆ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತ್ತು, ಹಿಂದಿನ ವರ್ಷವಷ್ಟೇ ಮೇರಿ ಜೊತೆಗಿನ ಮದುವೆ ಮುರಿದಿತ್ತು. ಬೆಂಕಿಯ ಸುತ್ತ ನಿಂತ ಜನರಲ್ಲಿ ಮೇರಿಯೂ ಇದ್ದಾರೆ, ಅವರು ಮನಸ್ಸು ಕೊಟ್ಟ ಸಂಗೀತಗಾರ ಹ್ಯೂಗೋ ಅಲ್ಫ್ವೆನ್ ಕೂಡ ಇದ್ದಾರೆ. ಇಬ್ಬರನ್ನೂ ಕ್ರೊಯರ್ ಬಿಡದೆ ಬರೆದಿದ್ದಾರೆ. ಎರಡು ವರ್ಷಕ್ಕೆ ಕವಿ ಡ್ರಾಕ್‌ಮನ್ ತೀರಿಕೊಂಡರು, ಮೂರು ವರ್ಷಕ್ಕೆ ಕ್ರೊಯರ್. ತೋಟದ ಚಿತ್ರದಿಂದ ಶುರುಮಾಡಿ ಇಲ್ಲಿಗೆ ಬಂದು ನಿಂತಾಗ ಪ್ರತಿಸಲವೂ ನಮಗೆ ಗಂಟಲು ಕಟ್ಟುತ್ತದೆ.

ಇನ್ನು ನೀವು ಮಾಡಬೇಕಾದದ್ದು ಬಹಳ ಕಡಿಮೆ. ಏಪ್ರಿಲ್‌ನಲ್ಲೇ ಬೇಕೆಂದು ಯಾರಿಗಾದರೂ ಉಡುಗೊರೆ ಕೊಡಲು ಹಣ ಕಟ್ಟಿದ್ದರೆ ನಮಗೆ ತಿಳಿಸಿ, ಪೂರ್ತಿ ಹಣ ಮರಳಿಸುತ್ತೇವೆ, ಕಾರಣ ಕೇಳುವುದಿಲ್ಲ. ವಿಳಾಸ ಬದಲಾಗಿದ್ದರೆ ಮೇ ತಿಂಗಳು ಮುಗಿಯುವುದರೊಳಗೆ ಬರೆಯಿರಿ. ಹಿಂದಿನ ಮೂರು ವರ್ಷಗಳಲ್ಲಿ ಕಟ್ಟು ತರಿಸಿಕೊಂಡವರಿಗೆಲ್ಲ ತಿದ್ದಿದ ವಿವರಣೆಯ ಚೀಟಿಯನ್ನು ನಮ್ಮದೇ ಖರ್ಚಿನಲ್ಲಿ ಅಂಚೆಗೆ ಹಾಕುತ್ತಿದ್ದೇವೆ. ಹೊದಿಕೆಯ ನೇರಳೆ ಚಿತ್ರ ನಿಮ್ಮಲ್ಲಿದ್ದರೆ ಹೊಸದೊಂದನ್ನೂ ಅದರ ಜೊತೆಗೇ ಕಳಿಸುತ್ತೇವೆ; ಹಳೆಯದನ್ನು ಹಿಂದಿರುಗಿಸಬೇಕಾಗಿಲ್ಲ.

ಚೀಟಿ ಕೈಗೆ ಬಂದಾಗ ಹಳೆಯದನ್ನು ತೆಗೆದು ಅದನ್ನು ಇಡಿ. ಅದರಲ್ಲಿ ಈಗ ಹೀಗಿದೆ: "ಮುಂದೆ ಕೂತಿರುವವರು ಚಿತ್ರಕಾರ್ತಿ ಆನಾ ಆಂಕರ್, ಒರಗಿಕೊಂಡಿರುವವಳು ಅವರ ಮಗಳು ಹೆಲ್ಗಾ. ತೋಟ ಅವರ ಮನೆಯದು."

ವಿಶ್ವಾಸದಿಂದ,
ಕಾರ್ಯದರ್ಶಿ,
ಸಂಘದ ಎಲ್ಲ ಸದಸ್ಯರ ಪರವಾಗಿ