ಪುಟ್ಟಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನವಾಯ್ತು. ಬೇರೆ ವಿಷಯಕ್ಕೆಲ್ಲ ನಿನ್ನಮ್ಮ ಉತ್ತರ ಬರೆದಿರುತ್ತಾಳೆ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕಾದಂಬರಿ ಬಗ್ಗೆ ಬರೆದ ಕೊನೆಯ ಸಾಲು. "ದೊಡ್ಡಮ್ಮ, ಬರೀತಾ ಬರೀತಾ ಈ ಮುದುಕಿ ಮೇಲೆ ಪ್ರೀತಿ ಬಂದುಬಿಟ್ಟಿದೆ. ಸತ್ತ ಮಗು ನೆನಪಿಗೇ ಬರ್ತಿಲ್ಲ. ಭಯ ಆಗ್ತಿದೆ."

ಪ್ರೀತಿ ಬರೋದು ಸಹಜ ಕಣೇ. ನಿನ್ನ ಆ ಮುದುಕಿ, ಇಂಗ್ಲೆಂಡಿನ ಕಾನ್‌ಸ್ಟನ್ಸ್ ಕೆಂಟ್, ಮಲತಾಯಿಯ ಮಗುವಾದ ಪುಟ್ಟ ತಮ್ಮನನ್ನು ಕೊಂದೆ ಅಂತ ಒಪ್ಪಿಕೊಂಡು, ಇಪ್ಪತ್ತು ವರ್ಷ ಜೈಲಿನಲ್ಲಿದ್ದು 1885ರಲ್ಲಿ ಹೊರಗೆ ಬಂದಳು. ಹೆಸರು ಬದಲಾಯಿಸಿಕೊಂಡು ಆಸ್ಟ್ರೇಲಿಯಾಕ್ಕೆ ಹೋದಳು. ನರ್ಸಿಂಗ್ ಕಲಿತಳು. ಲಿಟಲ್ ಬೇ ಆಸ್ಪತ್ರೆಯಲ್ಲಿ ಕುಷ್ಠ ಹಿಡಿದ ಹೆಂಗಸರನ್ನು ನೋಡಿಕೊಂಡಳು. 1944ರಲ್ಲಿ, ನೂರು ತುಂಬಿದ ಮೇಲೆ, ನಿಮ್ಮ ಸಿಡ್ನಿಯ ಸ್ಟ್ರಾತ್‌ಫೀಲ್ಡ್‌ನಲ್ಲೇ ತೀರಿಕೊಂಡಳು. ಅಂಥವಳ ಬಗ್ಗೆ ಬರೆಯುತ್ತಾ ಕೂತರೆ ಯಾರ ಕರುಳು ಕರಗುವುದಿಲ್ಲ ಹೇಳು?

ಆದರೂ ನಿನ್ನ ಭಯ ಸುಮ್ನೆ ಬಂದಿದ್ದಲ್ಲ. ನನಗದು ಗೊತ್ತು.

ತಿಪಟೂರಿನಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಸೊಸೆಯನ್ನು ಬಾವಿಗೆ ತಳ್ಳಿದವರು ಅಂತ ಊರೆಲ್ಲ ಹೇಳುತ್ತಿತ್ತು. ಸಾಕ್ಷಿ ಸಿಗದೆ ಬಿಟ್ಟರಂತೆ. ನನಗಾಗ ಒಂಬತ್ತು ವರ್ಷ. ಸಂಜೆ ಸ್ಕೂಲಿಂದ ಬಂದರೆ ಸೆರಗಿನ ಗಂಟು ಬಿಚ್ಚಿ ಕೊಬ್ಬರಿ ಚೂರು, ಬೆಲ್ಲ ಕೊಡುತ್ತಿದ್ದರು. ಬೆಲ್ಲಕ್ಕೆ ಸೀರೆಯ ನೂಲು ಅಂಟಿರುತ್ತಿತ್ತು. ಕಿತ್ತು ಹಾಕಿ ತಿನ್ನುತ್ತಿದ್ದೆ. ಅವರೆಂದರೆ ನನಗೆ ಪ್ರಾಣ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ನಮ್ಮ ಬಾಗಿಲಿಗೆ ಬಂದು ನೀರು ಕೇಳಿದಳು. ಆ ಸೊಸೆಯ ಅಕ್ಕ. ಕುಡಿದ ಚೊಂಬು ಕೈಯಲ್ಲೇ ಹಿಡಿದುಕೊಂಡು, "ನನ್ನ ತಂಗೀನ ನೀನು ನೋಡಿದ್ಯೇನಮ್ಮ?" ಅಂದಳು. ಚೊಂಬು ಕಿತ್ತುಕೊಂಡು ಬಾಗಿಲು ಹಾಕಿಬಿಟ್ಟೆ. ನಮ್ಮಜ್ಜಿಯನ್ನು ಬೈಯೋಕೆ ಬಂದಿದ್ದಾಳೆ ಅನ್ನಿಸಿತ್ತು. ಬಾಗಿಲ ಸಂದಿಯಲ್ಲಿ ನೋಡಿದೆ. ಅವಳು ತುಂಬ ಹೊತ್ತು ಬಾವಿ ಕಡೆ ಮುಖ ಮಾಡಿ ನಿಂತಿದ್ದಳು.

ಅದಕ್ಕೇ ನಿನ್ನ ಸಾಲು ಓದಿ ಎದೆ ಧಸಕ್ ಅಂದಿದ್ದು.

ಆ ಮಗುವಿನ ಹೆಸರು ಸ್ಯಾವಿಲ್ ಅಲ್ವಾ? ನಾಲ್ಕು ವರ್ಷವೂ ತುಂಬಿರಲಿಲ್ಲ. 1860ರ ಜೂನ್ 29ರ ರಾತ್ರಿ. ಬೆಳಗಿನ ಜಾವ ದಾದಿ ಎದ್ದು ನೋಡಿದರೆ ಮಂಚ ಖಾಲಿ, ಹೊದಿಕೆ ಅಚ್ಚುಕಟ್ಟಾಗಿತ್ತು. ತಾಯಿ ಎತ್ತಿಕೊಂಡು ಹೋಗಿರಬೇಕು ಅಂದುಕೊಂಡು ಅವಳು ಮತ್ತೆ ಮಲಗಿದಳು. ಎಲ್ಲರೂ ಪತ್ತೇದಾರ ವಿಚರ್ ಬಗ್ಗೆ, ಕಾನ್‌ಸ್ಟನ್ಸ್‌ಳ ಕಾಣೆಯಾದ ನೈಟ್‌ಗೌನ್ ಬಗ್ಗೆ ಬರೆಯುತ್ತಾರೆ. ಹದಿನಾರರ ಹುಡುಗಿ, ಐದು ವರ್ಷದ ಮೇಲೆ ತಾನೇ ಒಪ್ಪಿಕೊಂಡಳು, ಇನ್ನೊಬ್ಬ ತಮ್ಮ ವಿಲಿಯಂನನ್ನು ಕಾಪಾಡೋಕೆ ಹಾಗೆ ಮಾಡಿದಳೇನೋ ಅಂತೆಲ್ಲ. ಗುಟ್ಟು ಅಂದರೆ ಓದುಗರಿಗೆ ಇಷ್ಟ, ತಪ್ಪಲ್ಲ. ನನಗೆ ಮಾತ್ರ ಆ ಖಾಲಿ ಮಂಚವೇ ಕಣ್ಣ ಮುಂದೆ ಬರುತ್ತೆ.

ಕಾದಂಬರಿ ಬರೆಯೋದು ಹೇಗೆ ಅಂತ ನಿನಗೆ ಹೇಳೋಕೆ ನಾನ್ಯಾರು. ಬೇಜಾರು ಮಾಡಿಕೊಳ್ಳಬೇಡ. ಮುದುಕಿಯ ಅಧ್ಯಾಯ ಶುರು ಮಾಡೋ ಮುಂಚೆ ಅರ್ಧ ಪುಟ ಆ ಮಗುವಿನ ಬಗ್ಗೆ ಬರೆದುಕೋ. ಅಚ್ಚಾಗಬೇಕಂತೇನಿಲ್ಲ. ಯಾವ ಕಡೆ ಮಗ್ಗುಲಾಗಿ ಮಲಗುತ್ತಿತ್ತು, ಯಾರ ಕೈಯಿಂದ ಊಟ ಮಾಡುತ್ತಿತ್ತು, ಇಂಥದ್ದು. ಮುದುಕಿಯನ್ನು ಪ್ರೀತಿಸೋದನ್ನು ಬಿಡು ಅಂತ ನಾನು ಹೇಳ್ತಿಲ್ಲ. ಆ ಅಜ್ಜಿ ತೀರಿಕೊಂಡಾಗ ನಾನೂ ಬಿಕ್ಕಿ ಬಿಕ್ಕಿ ಅತ್ತವಳು. ಈಗಲೂ ಅವರನ್ನು ಕೆಟ್ಟವರು ಅನ್ನೋಕೆ ನಾಲಿಗೆ ಬರಲ್ಲ. ಹಾಂ, ರಾತ್ರಿ ಜಾಸ್ತಿ ಹೊತ್ತು ಕೂತು ಬರೀಬೇಡ, ಭಯ ದೊಡ್ಡದಾಗುತ್ತೆ.

ಹೋದ ವರ್ಷ ತಿಪಟೂರಿಗೆ ಹೋಗಿದ್ದೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಕ್ಕಪಕ್ಕದ ಮನೆಯವರನ್ನೆಲ್ಲ ಕೇಳಿದೆ. ಅಜ್ಜಿಯ ಹೆಸರು ನಾಲ್ಕು ಜನ ಹೇಳಿದರು. ಆ ಸೊಸೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವತ್ತು ನೀರಿನ ಜೊತೆ ಅದೊಂದನ್ನು ನಾನು ಕೇಳಬಹುದಿತ್ತು, ಪುಟ್ಟಿ.

ಮುಂದಿನ ಸಲ ಸ್ಯಾವಿಲ್‌ನ ಅರ್ಧ ಪುಟ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ,
ದೊಡ್ಡಮ್ಮ