ಸುಂಟಿಕೊಪ್ಪದಲ್ಲಿ ಕಾಫಿ ತಂದುಕೊಟ್ಟ ಕಂಡಕ್ಟರ್ ಅಣ್ಣನಿಗೆ

ಕುಶಾಲನಗರದಿಂದ ಮಡಿಕೇರಿಗೆ ಸಂಜೆ ಹೊರಟ ಬಸ್ಸಿನ ಕಂಡಕ್ಟರ್ ಅಣ್ಣ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈ ಬರಹ ನಿಮಗೇ.

ಬೆಂಗಳೂರಿನಲ್ಲಿ ಎನ್‌ಕ್ಲೆಕ್ಸ್ ಬರೆದು ಊರಿಗೆ ಬರುತ್ತಿದ್ದೆ. ಅಮೆರಿಕದಲ್ಲಿ ನರ್ಸ್ ಆಗಲು ಬೇಕಾದ ಲೈಸೆನ್ಸ್ ಪರೀಕ್ಷೆ ಅದು. ನಮ್ಮ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. ಕಡಿಮೆ ಎಂದರೆ 85 ಪ್ರಶ್ನೆ, ಜಾಸ್ತಿ ಎಂದರೆ 150. ನನ್ನದು 85ಕ್ಕೇ ನಿಂತಿತ್ತು. ಪಾಸಾದರೂ ಅಲ್ಲಿಗೆ ನಿಲ್ಲಬಹುದು, ಫೇಲಾದರೂ ನಿಲ್ಲಬಹುದು. ದಾರಿಯುದ್ದಕ್ಕೂ ತಲೆಯಲ್ಲಿ ಅದೊಂದೇ.

ಆನೆಕಾಡು ದಾಟುವಾಗ ಎದೆ ಜೋರಾಗಿ ಬಡಿದುಕೊಳ್ಳತೊಡಗಿತು. ಕೈ ಜೋಮು ಹಿಡಿಯಿತು, ಉಸಿರು ಸಾಲದಾಯಿತು. ಗಾಬರಿಗೆ ಹೀಗಾಗುತ್ತದೆ ಅಂತ ಓದಿದವಳು ನಾನು. ನಮಗೇ ಆದಾಗ ಆ ಓದು ನೆನಪಿಗೆ ಬರುವುದಿಲ್ಲ, ಅಲ್ವಾ?

ನೀವು ಏನಾಯಿತು, ಯಾಕಾಯಿತು ಅಂತ ಕೇಳಲಿಲ್ಲ. ಮುಂದಿನ ಕಿಟಕಿ ಪಕ್ಕ ಜಾಗ ಮಾಡಿಸಿ ಕೂರಿಸಿದಿರಿ. ಹನಿ ಒಳಗೆ ಬೀಳುತ್ತಿದ್ದರೂ ಗಾಜು ಸರಿಸಿದಿರಿ. ಸುಂಟಿಕೊಪ್ಪದಲ್ಲಿ ಇಳಿದು ಬೆಲ್ಲದ ಕಾಫಿ ತಂದಿರಿ. “ನಿಧಾನಕ್ಕೆ ಕುಡಿಯಮ್ಮ, ಡ್ರೈವರಣ್ಣ ಕಾಯ್ತಾರೆ” ಅಂದಿರಿ. ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ಆ ಲೋಟದ ಬಿಸಿಗೆ ಬೆರಳುಗಳು ಸರಿಹೋದವು, ಉಸಿರೂ ಹದಕ್ಕೆ ಬಂತು. ಕಾಫಿ ದುಡ್ಡು ಮಾತ್ರ ನೀವು ತೆಗೆದುಕೊಳ್ಳಲೇ ಇಲ್ಲ.

ಮಡಿಕೇರಿಯಲ್ಲಿ ಅಪ್ಪ ಬರುವ ತನಕ ನನ್ನ ಬ್ಯಾಗ್ ಹಿಡಿದು ಸುಮ್ನೆ ಪಕ್ಕದಲ್ಲಿ ನಿಂತಿದ್ದಿರಿ.

ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬಂತು. ತುಂಬಾ ಥ್ಯಾಂಕ್ಸ್ ಅಣ್ಣ.