ಅಗ್ನಿಶಿಖೆಯ ಎಸಳು: ಮಗಳಿಗೊಂದು ಪತ್ರ

ಬೆಳಗಾವಿ

ಚಿ. ಮಗಳಿಗೆ ಅವ್ವನ ಆಶೀರ್ವಾದ.

ಸೂಜಿ ಲೇಸಿನಲ್ಲಿ, ಅಂದರೆ ಬಟ್ಟೆಗೆ ಚುಚ್ಚದೆ ಸೂಜಿ-ದಾರದ ಕುಣಿಕೆಗಳಿಂದಲೇ ಹೆಣೆಯುವ ಲೇಸಿನಲ್ಲಿ, ಕಾಡುಹೂ ಮಾಡಬೇಕು ಅಂದಿದ್ದೀಯಲ್ಲ, ಅಗ್ನಿಶಿಖೆಯಿಂದಲೇ ಶುರು ಮಾಡು. ಮಳೆಗಾಲದಲ್ಲಿ ಖಾನಾಪುರದ ಕಡೆ ಬೇಲಿಗುಂಟ ಅರಳುವ ಹೂ. ಎಸಳು ಆರು, ಬುಡ ಹಳದಿ, ತುದಿ ಕೆಂಪು, ಅಂಚು ಅಲೆಅಲೆ. ಹೂ ಕೆಳಮುಖವಾಗಿದ್ದರೂ ಎಸಳು ಹಿಂದಕ್ಕೆ ಮಡಚಿ ಮೇಲೆದ್ದಿರುತ್ತವೆ. ಬಟ್ಟೆಗೆ ಒತ್ತಿ ತುಂಬಿದರೆ ಅದರ ಚೆಲುವೇ ಹೋಗುತ್ತದೆ. ಎಸಳು ಬಿಡಿಯಾಗಿ ನಿಲ್ಲಬೇಕು. ಗಿಡವೆಲ್ಲ ವಿಷ, ಗಡ್ಡೆಯಂತೂ ಹೆಚ್ಚು. ನೋಡಿ ಬರೆದುಕೋ, ಮುಟ್ಟಿದರೆ ಕೈ ತೊಳೆದುಕೋ.

ಕಸೂತಿಯಲ್ಲಿ ಎಳೆ ಎಣಿಸುತ್ತೀ, ಇಲ್ಲಿ ಗೆರೆಯೇ ಆಧಾರ. ಎರಡು ಪದರ ಕಾಟನ್ ಬಟ್ಟೆಯ ಮೇಲೆ 4 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಎಸಳು ಬರೆ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಕಾಗದ ಸುತ್ತಿದ ಸಣ್ಣ ತಂತಿಯನ್ನು ಗೆರೆಗುಂಟ ಬಾಗಿಸಿ ಇಡು. ಬುಡದಲ್ಲಿ ಎರಡೂ ತುದಿ 5 ಸೆಂ.ಮೀ. ಉಳಿಯಲಿ. ಹೊಲಿಗೆ ದಾರದಿಂದ 4 ಮಿ.ಮೀ.ಗೊಂದು ಟಾಕಾ ಹಾಕಿ ಕೂರಿಸು.

ತುಂಬಲು ಒಂದೇ ಎಳೆ ದಾರ, ಮೊಂಡು ಮೂತಿಯ ಸೂಜಿ. ಚೂಪಾಗಿದ್ದರೆ ಹಿಂದಿನ ಕುಣಿಕೆಯ ದಾರವನ್ನೇ ಸೀಳುತ್ತದೆ. ಬುಡದಿಂದ ಹಳದಿಯಲ್ಲಿ ಕಾಜಾ ಹೊಲಿಗೆ ಹಾಕುತ್ತ ಹೋಗು. ಮೊದಲ ಸಾಲು ತಂತಿಗೆ, ಮುಂದಿನದು ಹಿಂದಿನ ಸಾಲಿನ ಕುಣಿಕೆಗೆ. ಬಟ್ಟೆ ಎಲ್ಲಿಯೂ ಸೂಜಿಗೆ ಸಿಗಬಾರದು. ಸಾಲಿನ ಕೊನೆಗೆ ತಂತಿಗೊಂದು ಸುತ್ತು ಹಾಕಿ ತಿರುಗು. ಅಗಲ ಮಾಡಲು ಒಂದೇ ಕುಣಿಕೆಗೆ ಎರಡು ಹಾಕು, ಸಣ್ಣದು ಮಾಡಲು ಒಂದು ಕುಣಿಕೆ ಬಿಡು. ಹೆಚ್ಚಿನವರು ಕೆಡಿಸುವುದು ದಾರ ಬಿಗಿದು. ಬಿಗಿದರೆ ತಂತಿ ಒಳಕ್ಕೆ ಬಾಗಿ ಎಸಳಿನ ನಡು ಕುಗ್ಗುತ್ತದೆ, ಮುಂದಿನ ಸಾಲಿಗೆ ಸೂಜಿ ತೂರುವುದಿಲ್ಲ. ದಾರವನ್ನು ನಡುಸಾಲಿನಲ್ಲಿ ಬದಲಿಸಬೇಡ, ಕಾಣುತ್ತದೆ. ಕೆಂಪಿಗೆ ಹೋಗುವುದೂ ಅಂಚಿನಲ್ಲೇ, ನಡುವೆ ಎರಡು ಸಾಲು ಕಿತ್ತಳೆ ಹಾಕಿ.

ತುಂಬಿದ ಮೇಲೆ ತಂತಿ ಮುಚ್ಚುವಂತೆ ಅಂಚಿಗೆ ಒತ್ತೊತ್ತಾಗಿ ಕಾಜಾ ಹಾಕು. ಬಟ್ಟೆಯ ಎರಡು ಪದರಗಳ ನಡುವೆ ಕತ್ತರಿ ತೂರಿಸಿ ಟಾಕಾ ಕತ್ತರಿಸಿದರೆ ಎಸಳು ಕೈಗೆ ಬರುತ್ತದೆ. ಅಂಚನ್ನು ಬೆರಳಿನಿಂದಲೇ ಅಲೆಯಾಗಿ ಬಾಗಿಸು.

ಎಸಳು ಕೂರಿಸುವ ಮೊದಲು, ಹೂ ನಿಲ್ಲಬೇಕಾದ ಮುಖ್ಯ ಬಟ್ಟೆಯ ಮೇಲಿನ ಕೆಲಸ ಮುಗಿಸು, ಇಲ್ಲವಾದರೆ ಬಟ್ಟೆ ಬಿಗಿಯುವ ಕಸೂತಿ ರಿಂಗು ಎಸಳನ್ನು ಜಜ್ಜುತ್ತದೆ. ದಂಟಿಗೆ ಹಗ್ಗ ಹೊಸೆದಂತೆ ಕಾಣುವ ಸ್ಟೆಮ್ ಸ್ಟಿಚ್, ಎಲೆಗೆ ಒತ್ತೊತ್ತಾಗಿ ಗೆರೆ ಎಳೆದು ತುಂಬುವ ಸ್ಯಾಟಿನ್ ಸ್ಟಿಚ್. ಎಲೆಯ ತುದಿ ಬಳ್ಳಿಯಂತೆ ಸುರುಳಿಯಾಗಲಿ. ಕೇಸರ ಆರು, ಸುತ್ತಲೂ ಹರಡಲಿ, ತುದಿಗೆ ಬುಲಿಯನ್ ನಾಟ್, ಅಂದರೆ ಸೂಜಿಗೆ ದಾರ ಹಲವು ಸುತ್ತು ಸುತ್ತಿ ಎಳೆದ ಉದ್ದ ಗಂಟು. ಹೂವಿನ ನಡುವಿನ ಹೆಣ್ಣುಕಡ್ಡಿ, ಅಂದರೆ ಶಲಾಕೆ, ಬುಡದಲ್ಲೇ ಪಕ್ಕಕ್ಕೆ ಮುರಿದಂತೆ ಬಾಗಿರುತ್ತದೆ. ನೇರ ಹಾಕಿದರೆ ಅದು ಅಗ್ನಿಶಿಖೆ ಅನ್ನಿಸುವುದೇ ಇಲ್ಲ. ಕೊನೆಗೆ ದಪ್ಪ ಸೂಜಿಯಿಂದ ತೂತು ಮಾಡಿ ತಂತಿಯ ತುದಿಗಳನ್ನು ಹಿಂದಕ್ಕೆ ಇಳಿಸು, ದಂಟಿನ ಹಿಂಬದಿಗೆ ಮಡಚಿ ಹೊಲಿ.

ಇದು ಚೌಕಟ್ಟಿಗೆ. ಗುಳೇದಗುಡ್ಡದ ಖಣದ ಕುಬಸಕ್ಕೆ ತಂತಿ ಬೇಡ, ತೊಳೆದರೆ ತುಕ್ಕು ಹಿಡಿದೀತು, ಚುಚ್ಚೀತು. ಅಲ್ಲಿ ಬ್ಯಾಕ್ ಸ್ಟಿಚ್ ಗೆರೆಗೇ ಕಾಜಾ ಸಿಗಿಸಿ ತುಂಬು. ಕೆಂಪು ದಾರವನ್ನು ಮೊದಲು ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡು. ಬಣ್ಣ ಬಿಟ್ಟರೆ ಬೇರೆ ಲಡಿ ತಗೋ.

ನಿನ್ನ ಅವ್ವ